ಎರಡು ಗಂಟೆಗೆ ಬಾರದೇ ಹೋದ ಕಂತು

ಆ ಮುಂಜಾನೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ನಮ್ಮ ಟೆಲಿವಿಷನ್ ಕೇಂದ್ರದ ಗೋಪುರ ಸೊಂಟದಿಂದ ಮೇಲಕ್ಕೆ ಕಾಣುತ್ತಲೇ ಇರಲಿಲ್ಲ. ನಮ್ಮ ‘ಗಳಿಗೆ ಮೇಷ್ಟ್ರು’ ಗೇಟಿನ ಬಳಿ ನನ್ನನ್ನು ನಿಲ್ಲಿಸಿ, "ಇವತ್ತು ಎರಡು ಗಂಟೆಗೆ ನಾನೇ ಕ್ಯಾಮೆರಾ ಮುಂದೆ ಕೂತ್ಕೋತೀನಿ, ಸಿದ್ಧ ಮಾಡಿಸು" ಎಂದರು. ನಾನು ದಂಗಾದೆ. ಫೋಟೋ ಎಂದರೂ ಪಕ್ಕಕ್ಕೆ ಸರಿಯುವವರು ಅವರು.

ಯಾವ ಕಾರ್ಯಕ್ರಮ ಯಾವ ಹೊತ್ತಿಗೆ ಮನೆಮನೆಗೆ ತಲುಪಬೇಕೆಂದು ಗೊತ್ತುಮಾಡುವ ವಿದ್ಯೆಗೆ ಪದವಿಯೂ ಇಲ್ಲ, ಪ್ರಶಸ್ತಿಯೂ ಇಲ್ಲ. ಆ ವಿದ್ಯೆಯಲ್ಲಿ ನಮ್ಮ ಪೂಜ್ಯ ಮೇಷ್ಟ್ರಿಗೆ ಸಮನಾದವರನ್ನು ನಾನು ಕಾಣೆ. ಅವರಿಗೆ ‘ಗಳಿಗೆ ಮೇಷ್ಟ್ರು’ ಎಂಬ ಹೆಸರು ಬಂದದ್ದೂ ಅದರಿಂದಲೇ. ಶಾಲೆಯ ಬಸ್ಸು ಕೊನೆಯ ಮಗುವನ್ನು ಇಳಿಸುವವರೆಗೆ ಮಕ್ಕಳ ಕಾರ್ಯಕ್ರಮವನ್ನು ತಡೆದವರು ಅವರು. ನನ್ನ ತಾಯಿ ಹಾಸಿಗೆ ಹಿಡಿದಾಗ, ನಾನು ಬಾಯಿ ಬಿಡುವ ಮೊದಲೇ ನನ್ನ ಪಾಳಿಯನ್ನು ತಾವು ಹೊತ್ತು, ತಾಯಿಯ ಸೇವೆಯೇ ದೇವರ ಸೇವೆ, ಹೋಗು ಎಂದು ಕಳಿಸಿದವರೂ ಅವರೇ.

ಅವರ ನಿವೃತ್ತಿಯ ವರ್ಷ, ಹಿಂದೆ ಮಧ್ಯಾಹ್ನ ಎರಡಕ್ಕೆ ಬರುತ್ತಿದ್ದ ಕೂಡುಕುಟುಂಬದ ಧಾರಾವಾಹಿಯನ್ನು ಮತ್ತೆ ಹಾಕಿರೆಂದು ಅಭಿಮಾನಿಗಳು ಗಂಟುಬಿದ್ದರು. ಮೇಷ್ಟ್ರು ಸಂತೋಷದಿಂದ ಅದೇ ವೇಳೆಗೆ ಹಾಕಿದರು. ಊರೂರಿನ ಅಭಿಮಾನಿಗಳು ಫೋನಿನಲ್ಲಿ ಗುಂಪು ಕಟ್ಟಿಕೊಂಡು ಹರಟತೊಡಗಿದರು. ಜಗಳ ಹುಟ್ಟಿದ್ದು ಅಲ್ಲಿ. ಧಾರಾವಾಹಿಯಲ್ಲಿ ಹೆತ್ತ ಮಗುವನ್ನು ಬಿಟ್ಟು ಓಡಿಹೋದ ಹಿರಿಸೊಸೆಯನ್ನು ನಮ್ಮೂರ ನರ್ಸಮ್ಮ ಬಾಯ್ತುಂಬ ಬೈದಾಗ, ಪರ ಊರಿನ ಅಜ್ಜಿಯೊಬ್ಬರು ಕೇಳಿದರಂತೆ: "ನಿಮ್ಮೂರಿಗೆ ಯಾವ ಹಿರಿಸೊಸೆ ಬಂದಿದ್ಲು ತಾಯೀ? ಮಗೂನ ಕಿತ್ಕೊಂಡು ಬಾಗಿಲು ಹಾಕಿದ್ದು ಅತ್ತೆಯಲ್ವೇ?"

ಅತ್ತೆ ಬಾಗಿಲು ಹಾಕಿದ ಆ ಕಂತನ್ನು ನಮ್ಮೂರಲ್ಲಿ ಯಾರೂ ನೋಡಿರಲಿಲ್ಲ. ಸುದ್ದಿ ಕೇಳಿದ ಮೇಷ್ಟ್ರ ಮುಖ ಬಿಳಿಚಿತು. ಹಿಂದೊಮ್ಮೆ ಸೇತುವೆಯ ಉದ್ಘಾಟನೆಯ ನೇರ ಪ್ರಸಾರ ಎಳೆದು ಎಳೆದು ಎರಡು ಗಂಟೆಯ ಧಾರಾವಾಹಿಯ ವೇಳೆಯನ್ನು ನುಂಗಿತ್ತು. ಆಗ ಧಾರಾವಾಹಿಯ ಟೇಪು ದಿನಕ್ಕೊಂದರಂತೆ ಬಂದು, ಸಂಜೆಯ ಗಾಡಿಗೇ ಮುಂದಿನ ಊರಿನ ಕೇಂದ್ರಕ್ಕೆ ಹೋಗಬೇಕಿತ್ತು. ಹಗಲಿನ ಧಾರಾವಾಹಿ ತಾನೆ, ಯಾರು ಕೇಳುತ್ತಾರೆ ಎಂಬುದು ನಮ್ಮ ಕಸುಬಿನ ರೂಢಿ. ಮೇಷ್ಟ್ರು ಆ ಕಂತನ್ನು ನೋಡದೆಯೇ ಮುಂದಕ್ಕೆ ಕಳಿಸಿ, ಮರುದಿನ ಅದರ ಮುಂದಿನದನ್ನು ಹಾಕಿದ್ದರು. ಅದರಲ್ಲಿ ಮಗುವಿತ್ತು, ತಾಯಿಯಿರಲಿಲ್ಲ; ಬಿಟ್ಟು ಓಡಿದಳೆಂದೇ ಊರು ತಿಳಿಯಿತು. ನಮ್ಮ ಅಜ್ಜಿಯಾದರೆ, ಕಥೆಯ ನಡುವೆ ನಿದ್ದೆಹೋದ ಮಗುವಿಗೆ ಬಿಟ್ಟುಹೋದದ್ದನ್ನು ಹೇಳಿಯೇ ಮುಂದಕ್ಕೆ ಹೋಗುತ್ತಿದ್ದಳು.

ಹಿರಿಸೊಸೆಯಾಗಿ ನಟಿಸಿದಾಕೆ ಇರುವುದು ನಮ್ಮ ಕೇಂದ್ರದ ಹಿಂದಿನ ಗಲ್ಲಿಯಲ್ಲಿ. ಆ ವಾರದಿಂದಲೇ ಅಂಗಡಿಯವರು ಆಕೆಗೆ ಮುಖ ತಿರುವಿದರು, ಬಸ್ಸಿನಲ್ಲಿ ತಾಯಂದಿರು ಮಕ್ಕಳನ್ನು ಆಚೆ ಎಳೆದುಕೊಂಡರು. ಕೂದಲು ನರೆತರೂ "ಮಗು ಬಿಟ್ಟೋಳು" ಎಂಬ ಹೆಸರು ಹೋಗಲಿಲ್ಲ.

ಕೇಂದ್ರದ ನಿರ್ದೇಶಕರು, ಬೀಳ್ಕೊಡುಗೆಯ ಹೊತ್ತಿನಲ್ಲಿ ಮಾನ ಕಳೆದುಕೊಳ್ಳಬೇಡಿ, ಆಗ ಹಾರಿಸಿದಂತೆ ಈಗಲೂ ಹಾರಿಸಿಬಿಡಿ ಎಂದು ಒತ್ತಿ ಹೇಳಿದರು. ಮೇಷ್ಟ್ರು ನೇರವಾಗಿ ಪ್ರಧಾನ ಕಚೇರಿಗೆ ಹೋಗಿ ಆ ಕಂತನ್ನು ತಂದರು.

ಮಂಜಿನ ಆ ದಿನ ಎರಡು ಗಂಟೆಗೆ ಪರದೆಯ ಮೇಲೆ ಬಂದು ಅವರು ಹೇಳಿದ್ದು ಇಷ್ಟೇ: "ಈ ಕಂತನ್ನ ಅವತ್ತು ನಿಮಗೆ ತೋರಿಸದೇ ಹೋದೋನು ನಾನು. ಆ ತಾಯಿಗೆ ನೀವು ಬೈದ ಬೈಗುಳ ನನಗೆ ಸೇರಬೇಕಾದದ್ದು."

ನಮ್ಮ ಕೇಂದ್ರದ ಸಭಾಂಗಣದಲ್ಲಿ ಸೇರಿದ್ದ ಅಭಿಮಾನಿಗಳು ಕುಳಿತು ನೋಡಿದರು. ಪರದೆಯಲ್ಲಿ ಆಕೆ ಮುಚ್ಚಿದ ಬಾಗಿಲನ್ನು ಬಡಿಯುತ್ತಲೇ ಇದ್ದಳು. ಕಂತು ಮುಗಿಯಿತು. ಕೊನೆಯ ಸಾಲಿನಿಂದ ಆ ನಟಿಯ ದನಿ ಬಂತು: "ನೀವೆಲ್ಲ ಇದನ್ನ ನೋಡಿದ್ಮೇಲೂ ಬೈತಿದ್ದೀರಿ ಅಂತಲೇ ತಿಳ್ಕೊಂಡಿದ್ದೆ."

ಆ ಮಾತಿನ ಏಟಿನಿಂದ ನಾನು ಇನ್ನೂ ಚೇತರಿಸಿಕೊಂಡಿಲ್ಲ.

ತಮ್ಮ ಮಾನವನ್ನು ಒತ್ತೆಯಿಟ್ಟು ಒಬ್ಬಳ ಮಾನವನ್ನು ಬಿಡಿಸಿದ ಈ ಹಿರಿಯರಿಗೆ ಭಗವಂತ ತುಂಬು ಆಯುಸ್ಸು ಕೊಡಲಿ. ನಮ್ಮಂಥವರ ಕೆಲಸದ ಮೇಲೆ ಅವರ ಕಣ್ಣು ಇನ್ನೂ ಬಹುಕಾಲ ಇರಲಿ.

ಬರಹ ಮುಗಿಸುವ ಮುನ್ನ ಇನ್ನೊಂದು ಮಾತು. ಆ ವಾರದ ಕೊನೆಗೆ ಮೇಷ್ಟ್ರೊಂದಿಗೆ ಆ ಗಲ್ಲಿಗೆ ಹೋದಾಗ, ನಟಿಯ ಬಾಗಿಲಲ್ಲಿ ದರ್ಜಿ ಹೆಂಗಸು ನಿಂತಿದ್ದಳು. ಸೇತುವೆ ಉದ್ಘಾಟನೆಯಾದ ವಾರ ನಟಿ ಮೇಲಂಗಿಗೆಂದು ಕೊಟ್ಟ ಬಟ್ಟೆಯನ್ನು ಇವಳು ಹೊಲಿದಿರಲೂ ಇಲ್ಲ, ಹಿಂದಿರುಗಿಸಿರಲೂ ಇಲ್ಲ. ಈಗ ಹೊಲಿದು ತಂದಿದ್ದಳು.

"ಅಳತೆ ಹಳೇದು, ನಾನೀಗ ಮೈ ತುಂಬ್ಕೊಂಡಿದ್ದೀನಲ್ಲೇ" ಎಂದಳು ನಟಿ.

"ಒಳಗಡೆ ಬಟ್ಟೆ ಬಿಟ್ಟು ಹೊಲ್ದಿದ್ದೀನಿ ಅಕ್ಕಾ," ಎನ್ನುತ್ತ ದರ್ಜಿ ಅದನ್ನು ಆಕೆಯ ಕೈಯಲ್ಲಿಟ್ಟಳು.