ಮಡಿಲಕ್ಕಿ ತುಂಬಿಸಿಕೊಂಡ ಪುಸ್ತಕ

ಹನೂರಿನ ಅಂಗಡಿ ಬೀದೀಲಿ ಸದಾಶಿವಪ್ಪನ ಹೆಂಡತಿ ವೀರಮ್ಮನನ್ನ ಕಂಡರೆ ನಮಗೆಲ್ಲ ಹೊಟ್ಟೆಕಿಚ್ಚು. ಒಡವೆಗಲ್ಲ, ಓದಿಗೆ. ಅವಳು ಯಳಂದೂರಿನವಳು, ಮೈಸೂರು ಸೀಮೆ. ನಮ್ಮ ಹನೂರು ಆಗ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅವಳಪ್ಪ ಮಠದ ಐನೋರ ಹತ್ರ ಅಕ್ಷರ ಕಲಿಸಿ ಮದುವೆ ಮಾಡಿ ಕಳಿಸಿದ್ದ. ನನ್ನಂಥ ಮೊದ್ದಿಗೂ ಆಮೇಲೆ ಅವಳೇ ಅಕ್ಷರ ತಿದ್ದಿಸಿದ್ದು, ಇಲ್ಲದಿದ್ರೆ ಇದನ್ನ ಎಲ್ಲಿ ಬರೀತಿದ್ದೆ.

ಮಧ್ಯಾಹ್ನ ಊಟ ಆದಮೇಲೆ ಅವಳ ಪಡಸಾಲೇಲಿ ಹುಣಸೆಹಣ್ಣು ಬಿಡಿಸೋಕೆ ಕೂರ್ತಿದ್ವಿ. ವೀರಮ್ಮ ಓದೋಳು, ನಾವು ಬೀಜ ತೆಗೆಯೋರು. ಅವಳ ಅತ್ತೆ ಪುಟ್ಟಮಲ್ಲಮ್ಮ ಇದಕ್ಕೆ ಒಪ್ಪಿದ್ದೇ ದೊಡ್ಡದು. ಅದೂ ಒಂದು ಷರತ್ತಿನ ಮೇಲೆ. "ಮನೇಲಿ ಅಪಶಕುನದ ಮಾತು ಓದ್ದೆ ಅಂದ್ರೆ ಪುಸ್ತಕ ಅಟ್ಟ ಸೇರ್ತದೆ, ನೋಡ್ಕೊ." ಆ ಮನೇಲಿ ಅಟ್ಟ ಸೇರಿದ್ದು ಕೆಳಗಿಳಿದದ್ದೇ ಇಲ್ಲ.

ಆ ಬೇಸಿಗೇಲಿ ವೀರಮ್ಮನ ಅಣ್ಣ ಷಡಕ್ಷರಿ ತಂದುಕೊಟ್ಟದ್ದು ಒಬ್ಬ ಪಾಳೇಗಾರನ ಮಗಳ ಕಥೆ. ಅಬ್ಬಬ್ಬ, ಏನಂತ ಹೇಳಲಿ. ಬೆಟ್ಟದ ಮೇಲೆ ಕೋಟೆ, ಕೆಳಗೆ ಕಾಡು, ಕುದುರೆ ಸವಾರಿ ಕಲಿತ ಹುಡುಗಿ. ಆ ಸೀಮೆಯ ಹೆಸರೇ ನಾನು ಕೇಳಿರಲಿಲ್ಲ. ಆದರೂ ಕೌದಳ್ಳಿ ರಸ್ತೇಲಿ ಹೋಗುವಾಗ ಗುಡ್ಡ ಕಂಡರೆ ಸಾಕು, ಕೋಟೆ ಇಲ್ಲೇ ಇತ್ತೇನೋ ಅಂತ ಎದೆ ಡವಡವ ಅನ್ನೋದು. ಹಳೇ ಕಾಲದ್ದು ಅಂದರೆ ಸತ್ತೋರ ಸಮಾಚಾರ ಅಂದ್ಕೊಂಡಿದ್ದೆ. ಓದಿ ಕೇಳಿದ ಮೇಲೆ ಅದು ಪಕ್ಕದ ಬೀದಿಯ ಸುದ್ದಿ ಆಗಿಬಿಡ್ತು. ಮುಂದಿನ ಕಥೆ ಮುಂಚೆ ಬಾಯಿಬಿಡಬಾರದು ಅಂತ ನಾವೇ ವೀರಮ್ಮನ ಕೈಲಿ ಆಣೆ ಹಾಕಿಸಿದ್ವಿ.

ಹುಡುಗಿಗೆ ಮದುವೆ ಗೊತ್ತಾಯ್ತು. ನಮ್ಮ ಬೀದೀಲಿ ಕಥೆಯೊಳಗೆ ಮದುವೆ ಬಂದರೆ ಕೇಳೋರು ಪುಸ್ತಕಕ್ಕೇ ಮಡಿಲಕ್ಕಿ ಇಡೋದು ಪದ್ಧತಿ. ಮಾರನೇ ದಿನ ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ ಎಲ್ಲ ತಕೊಂಡು ಬಂದ್ವಿ. ಯಾವತ್ತೂ ಒಳಕೋಣೆ ಬಿಟ್ಟು ಬರದ ಪುಟ್ಟಮಲ್ಲಮ್ಮನೂ ಪೆಟ್ಟಿಗೆಯಿಂದ ಹಸಿರು ರವಿಕೆ ಕಣ ತೆಗೆದು ಪುಸ್ತಕದ ಮಣೆ ಮೇಲಿಟ್ಟರು. ಒಲೆ ಮೇಲೆ ಪಾಯಸ ಬೇಯ್ತಿತ್ತು. ವೀರಮ್ಮನ ಮುಖ ಮಾತ್ರ ಬಿಳಿಚಿಕೊಂಡಿತ್ತು.

"ಇವತ್ತು ಬ್ಯಾಡ, ಗಂಟ್ಲು ಕಟ್ಕಂಡದೆ," ಅಂದಳು.

"ಮೂರ್ತ ಮೀರ್ತದೆ, ಓದು ತಾಯಿ," ಅಂತ ಎದುರುಮನೆ ಚಿಕ್ಕನಿಂಗಮ್ಮ ಗದರಿದಳು.

ಓದಿದಳು. ಚಪ್ಪರ, ವಾಲಗ, ಎದುರುಬದುರು ಹಸೆಮಣೆ, ನಡುವೆ ಅಂತರಪಟ. ಅದು ಸರಿಯೋ ಹೊತ್ತಿಗೆ ಸರಿಯಾಗಿ ಹುಡುಗಿ ಎದ್ದು ನಿಂತು, ನನ್ನನ್ನು ಯಾರೂ ಕೇಳಲಿಲ್ಲ, ಈ ಮದುವೆ ನನಗೆ ಬೇಡ ಅಂದಳಂತೆ. ಬಾಸಿಂಗ ಬಿಚ್ಚಿಟ್ಟು, ಕುದುರೆ ಏರಿ ಹೊರಟೇ ಹೋದಳಂತೆ.

ಹಸೆಮಣೆ ಮೇಲೆ ಮುರಿದ ಮದುವೆ, ಅದಕ್ಕಿಂತ ಅಪಶಕುನ ಬೇಕಾ? "ಇಟ್ಟಿರ ಅಕ್ಕಿ ಈಗ ಏನ್ಮಾಡದು?" ಅಂತ ಚಿಕ್ಕನಿಂಗಮ್ಮ ಗೊಣಗಿದಳು. ನನಗೋ ಒಳಗೊಳಗೇ ಕುಣಿಯೋ ಹಾಗಾಗಿತ್ತು. ಅಟ್ಟದ ಏಣಿ ಕಣ್ಣಿಗೆ ಬಿದ್ದು ಸುಮ್ಮನಾದೆ.

ವೀರಮ್ಮ ಪುಸ್ತಕವನ್ನ ಅತ್ತೆ ಮುಂದೆ ಹಿಡಿದಳು. "ತಕಳಿ ಅತ್ತೆ. ಮೊದ್ಲೇ ಓದ್ಕಂಡಿದ್ದೆ, ನಂಗೆ ಗೊತ್ತಿತ್ತು. ಆದ್ರೆ ಸುಳ್ಳು ಓದಕ್ಕೆ ಬಾಯಿ ಬರ್ನಿಲ್ಲ."

ಪುಟ್ಟಮಲ್ಲಮ್ಮ ಪುಸ್ತಕ ಇಸ್ಕೊಂಡರು. "ಯಾರೂ ಕೇಳ್ನಿಲ್ಲ ಅಂದ್ಲಾ ಅವ್ಳು?"

"ಊಂ, ಅತ್ತೆ."

"ಎಲ್ಲದೆ ಅದು, ತೋರ್ಸು."

ವೀರಮ್ಮ ಬೆರಳಿಟ್ಟು ತೋರಿಸಿದಳು. ಅಕ್ಷರ ಬರದ ಅತ್ತೆ ಆ ಸಾಲಿನ ಮೇಲೆ ಮೆಲ್ಲಗೆ ಕೈಯಾಡಿಸಿದರು. ಆಮೇಲೆ ಪುಸ್ತಕವನ್ನ ಮತ್ತೆ ಮಣೆ ಮೇಲಿಟ್ಟು, ಅಕ್ಕಿ, ಬೆಲ್ಲ, ಕೊಬ್ಬರಿ ಎಲ್ಲ ಆ ಹಸಿರು ಕಣದಲ್ಲಿ ಗಂಟು ಕಟ್ಟಿ ಪಕ್ಕಕ್ಕಿಟ್ಟರು.

"ಮದ್ವೆ ಎಣ್ಮಗ ಒತ್ತಾರೆಯಿಂದ ಉಪಾಸ ಅದೆ, ದಾರೀಲಿ ತಿನ್ಲಿ," ಅಂದರು. "ನನ್ನೂ ಯಾರೂ ಕೇಳ್ನಿಲ್ಲ ಕಣಮ್ಮಿ. ಓದು, ಕುದ್ರೆ ಎಲ್ಲಿಗೋಯ್ತು?"