ಜ್ವರದಲ್ಲಿ ಕರೆದ ಹೆಸರು

ಮೊದಲು ನಡುಗಿದ್ದು ಅವರ ಕೈಯಲ್ಲಿದ್ದ ಕಾಗದ. ಚುನಾವಣೆಗೆ ಇನ್ನು ಹದಿನೈದು ದಿನವಿತ್ತು. ನಮ್ಮ ಯಜಮಾನರು ಪೂರಿಗಾಲಿಯ ಮನೆಯ ಜಗಲಿಯಲ್ಲಿ ಕೂತು ಭಾಷಣ ಓದಿಕೊಳ್ಳುತ್ತಿದ್ದರು. ಜನರ ಮುಂದೆ ನಿಲ್ಲುವ ಭಯವೆಂದುಕೊಂಡು ನಾನು ಚೆನ್ನಾಗಿಯೇ ಗೇಲಿ ಮಾಡಿದೆ. ಅವರು ನಗಲಿಲ್ಲ. ಕಂಬಳಿ ಕೇಳಿದರು. ನೆತ್ತಿ ಸುಡುವ ಬಿಸಿಲಿನ ಮಧ್ಯಾಹ್ನ ಅದು.

ಗೇಲಿ ಮಾಡಿದ ನಾಲಿಗೆಯನ್ನು ಆಮೇಲೆ ಎಷ್ಟು ಬೈದುಕೊಂಡೆನೋ.

ಮೂರನೆಯ ದಿನ ಮಾತು ತೊದಲತೊಡಗಿತು. ಇವರ ಗೆಳೆಯರಾದ ಬಸ್ ಮೆಕ್ಯಾನಿಕ್ ರಹೀಂ ಸಾಹೇಬರು, ರಿಪೇರಿಗೆ ಬಂದಿದ್ದ ಬಸ್ಸಿನಲ್ಲೇ ಇವರನ್ನು ಮಲಗಿಸಿಕೊಂಡು ಹೋಗಿ ಮಳವಳ್ಳಿಯ ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು ಕಣ್ಣುರೆಪ್ಪೆ ಎತ್ತಿ ನೋಡಿದರು.

"ಮಲೇರಿಯಾ. ತಲೆಗೇರಿದೆ. ಕ್ವಿನೈನ್ ಇಂಜೆಕ್ಷನ್ ಕೊಡ್ತೀನಿ. ಕಿವಿ ಮಂದ ಆಗಬಹುದು. ಮೊದಲು ಜೀವ ಉಳೀಲಿ."

ನನ್ನದು ಎರಡೇ ಕೆಲಸ. ಹಣೆಗೆ ಒದ್ದೆಬಟ್ಟೆ, ಬಾಯಿಗೆ ಗಂಜಿ. ಎರಡು ಚಮಚ ಒಳಗೆ ಹೋಗುವಷ್ಟರಲ್ಲಿ "ಸಾಕಿ... ಸಾಕಿ..." ಎನ್ನುತ್ತಿದ್ದರು. ನಾಲಿಗೆ ಹೊರಳದೆ ಸಾಕು ಎಂಬುದನ್ನೇ ಹಾಗೆ ಹೇಳುತ್ತಿದ್ದಾರೆಂದು ನಾನು ಲೋಟ ಇಳಿಸಿಬಿಡುತ್ತಿದ್ದೆ. ಎರಡು ದಿನ ಹೀಗೇ ನಡೆಯಿತು. ಅವರು ಕಡ್ಡಿಯಾದರು. ಕೊನೆಗೆ ಅತ್ತೆ ನನ್ನ ಕೈ ಹಿಡಿದರು.

"ಸಾಕು ಅಂತಿಲ್ಲ ಕಣಮ್ಮ. ಸಾಕೀನ ಕರೀತಾವ್ನೆ. ನೀ ಕುಡ್ಸು."

ಸಾಕಮ್ಮ ಅವರ ಮೊದಲ ಹೆಂಡತಿ.

ಇದೇ ಜ್ವರ ಬಂದು, ಪೂರಿಗಾಲಿಯಿಂದ ಮಳವಳ್ಳಿಗೆ ಎತ್ತಿನ ಗಾಡಿಯಲ್ಲಿ ಬರುವಾಗ ದಾರಿಯಲ್ಲೇ ಹೋಗಿಬಿಟ್ಟವರು. ಮದ್ದೂರಿನ ಸ್ಕೂಲ್ ಮೇಷ್ಟ್ರ ಮಗಳಾದ ನಾನು ಎರಡನೆಯವಳಾಗಿ ಈ ಮನೆಗೆ ಬಂದ ಹೊಸದರಲ್ಲೇ ಇವರು ಎಲ್ಲವನ್ನೂ ಹೇಳಿದ್ದರು. ಊರಿಗೊಂದು ಡಿಸ್ಪೆನ್ಸರಿ ತರಬೇಕು, ಅದಕ್ಕೇ ಚುನಾವಣೆಗೆ ನಿಲ್ಲುತ್ತೇನೆ ಎಂದಿದ್ದರು. ಜನ ಕುರ್ಚಿಯ ಆಸೆ ಎಂದರು. ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ? ಗೆದ್ದ ದಿನ ಸುತ್ತಲೆಂದು ಜರಿಪೇಟ ಆಗಲೇ ತಂದಿಟ್ಟುಕೊಂಡಿದ್ದರು. ಆದರೆ ಹೆಂಡತಿ ಸತ್ತ ದುಃಖವನ್ನು ಊರಿಗೆ ಉಪಯೋಗವಾಗುವಂತೆ ಮಾಡಹೊರಟ ಇನ್ನೊಬ್ಬ ಗಂಡಸನ್ನು ನಾನು ಕಂಡಿಲ್ಲ.

ಆದರೂ ಹೊಟ್ಟೆ ಉರಿಯಿತು. ಉರಿಯುತ್ತಲೇ ಗಂಜಿ ಕುಡಿಸಿದೆ. ಸಾಕಿ ಎಂದಾಗಲೆಲ್ಲ "ಹೂಂ, ಇಲ್ಲೇ ಇವ್ನಿ" ಎಂದೆ. ಲೋಟ ಖಾಲಿಯಾಗತೊಡಗಿತು.

ಅಷ್ಟರಲ್ಲಿ ರಹೀಂ ಸಾಹೇಬರು ಓಡಿಬಂದರು. "ನಮ್ ಗೌಡ ಸತ್ತೋದ ಅಂತ ಎದುರು ಪಾರ್ಟಿಯೋರು ಸುದ್ದಿ ಅಬ್ಬಿಸವ್ರೆ ತಂಗ್ಯವ್ವ. ನೀನೇ ಬಂದು ಒಂದ್ಮಾತು ಏಳ್ಬೇಕು." ನಾನು ಅತ್ತೆಯ ಮುಖ ನೋಡಿದೆ. ನನ್ನ ಮಗನನ್ನು ನಾನು ನೋಡಿಕೊಳ್ಳುತ್ತೇನೆ, ಹೋಗು ಎಂದರು.

ಪೂರಿಗಾಲಿಯ ಚಾವಡಿ ತುಂಬ ಗಂಡಸರು. ನಮ್ಮವರು ಬದುಕಿದ್ದಾರೆ, ವೋಟು ಅವರಿಗೇ ಕೊಡಿ ಎಂದೆ. ಹಿಂದಿನಿಂದ ಒಬ್ಬ ಮುದುಕ, "ನಿಮ್ಮವ್ರು ಅಂದ್ರೆ ಯಾರವ್ವ? ಎಸ್ರಿಲ್ವಾ ಅವ್ರ್ಗೆ?" ಎಂದ. ಎಲ್ಲರೂ ನಕ್ಕರು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎನ್ನುತ್ತಾರೆ. ಅವತ್ತು ಅವರಿಗೆ ಉಳಿದಿದ್ದುದೇ ಎಷ್ಟೋ. ಸಾಕಮ್ಮ ಒಂದು ಸಲವೂ ಗಂಡನ ಹೆಸರು ಹೇಳಿದವರಲ್ಲ. ಆದರೂ ಜ್ವರ ನಮ್ಮವರನ್ನು ಬಿಟ್ಟಿತೇ?

"ಬೋರೇಗೌಡ್ರು," ಎಂದೆ. "ಬದುಕವ್ರೆ. ಸಾಕಮ್ಮ ಗಾಡೀಲೇ ಸತ್ರಲ್ಲ, ಅವತ್ತು ಈ ಊರಲ್ಲೊಬ್ಬ ಡಾಕ್ಟ್ರಿದ್ದಿದ್ರೆ ಅವ್ರೂ ಬದುಕಿರೋರು. ನಾನು ಈ ಊರಿಗೆ ಬತ್ತಾನೇ ಇರ್ಲಿಲ್ಲ."

ಯಾರೂ ನಗಲಿಲ್ಲ.

ಮಳವಳ್ಳಿ ತಲುಪುವವರೆಗೆ ಜೀವ ಕೈಯಲ್ಲಿ ಹಿಡಿದಿದ್ದೆ. ವಾರ್ಡಿನ ಬಾಗಿಲಿಗೆ ಬಂದು ನೋಡುತ್ತೇನೆ, ದಿಂಬಿಗೆ ಒರಗಿ ಕೂತು ಅತ್ತೆಯ ಹತ್ತಿರ ಉಪ್ಪಿನಕಾಯಿ ಕೇಳುತ್ತಿದ್ದಾರೆ. ಅಲ್ಲೇ ಗೋಡೆ ಹಿಡಿದು ಅತ್ತುಬಿಟ್ಟೆ.

ಚುನಾವಣೆಯಲ್ಲಿ ಸ್ವಲ್ಪದರಲ್ಲೇ ಸೋತರು. ಜರಿಪೇಟ ಪೆಟ್ಟಿಗೆಗೆ ಹೋಯಿತು. ಮನೆಗೆ ಬಂದು ವಾರವಾಯಿತು. ಜ್ವರ ಮತ್ತೆ ಬರಬಹುದೆಂದು ಡಾಕ್ಟರು ಹೇಳಿ ಕಳಿಸಿದ್ದಾರೆ. ಕಿವಿ ಇನ್ನೂ ಮಂದ. ಡಿಸ್ಪೆನ್ಸರಿಗಾಗಿ ಅರ್ಜಿ ಬರೆಯುತ್ತಾರೆ. ಕೈ ಸೋತಾಗ ನಾನು ಬರೆಯುತ್ತೇನೆ. ಅರ್ಜಿಯ ಮೊದಲ ಸಾಲಿನಲ್ಲಿ ಸಾಕಮ್ಮನ ಹೆಸರಿದೆ. ಅದನ್ನು ಬರೆದವಳು ನಾನೇ.

ಇವತ್ತು ಬೆಳಗ್ಗೆ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ಚಾವ್ಡೀಲಿ ನನ್ನೆಸ್ರು ಏಳಿದ್ಯಂತೆ. ಇನ್ನೊಂದ್ಸಲ ಏಳು, ನಾನೂ ಕೇಳ್ತೀನಿ."

ನಾಚಿಕೊಂಡು ಮೆಲ್ಲಗೆ ಹೇಳಿದೆ. ಕಿವಿಗೆ ಕೈ ಅಡ್ಡ ಹಿಡಿದರು. ಸ್ವಲ್ಪ ಜೋರಾಗಿ ಹೇಳಿದೆ. ಕೇಳಿಸಲಿಲ್ಲ ಎಂದು ತಲೆಯಾಡಿಸಿದರು. ಮೂರನೆಯ ಸಲ ಕೂಗಿಯೇಬಿಟ್ಟೆ. ಬಾವಿಯ ಹತ್ತಿರ ನೀರು ಸೇದುತ್ತಿದ್ದ ಹೆಂಗಸರೆಲ್ಲ ಹಗ್ಗ ಬಿಟ್ಟು ನಮ್ಮ ಜಗಲಿಯ ಕಡೆ ತಿರುಗಿದರು.

"ಹೂಂ," ಎಂದರು ಅವರು. "ಇಲ್ಲೇ ಇವ್ನಿ."