ಜೆಲಿಗ್ ಮುದುಕನ ಎಣಿಕೆ
ಹೈಫಾದ ಆ ಬೀದಿಯಲ್ಲಿ ಬೆಳಗ್ಗೆ ಕಸ ಚೆಲ್ಲಲು ಹೊರಟ ಗಂಡಸು ಜೆಲಿಗ್ ಮುದುಕನ ಕಣ್ಣಿಗೆ ಬಿದ್ದರೆ ಮುಗಿಯಿತು, ಅರ್ಧ ಗಂಟೆ ಅವನು ದೇವರ ಪಾಲು. ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್ ನೋಡಿಕೊಳ್ಳುವ ಜೆಲಿಗನಿಗೆ ಹಗಲಿರುಳೂ ಒಂದೇ ಚಿಂತೆ, ಹತ್ತು ಗಂಡಸರು ಕೂಡದೆ ಸಾಮೂಹಿಕ ಪ್ರಾರ್ಥನೆ ನಡೆಯುವಂತಿಲ್ಲ. ಯುದ್ಧ ಶುರುವಾಗಿ ಪ್ರಾರ್ಥನೆ ನೆಲದಡಿಯ ಬಂಕರಿಗೆ ಇಳಿದ ಮೇಲಂತೂ ಬೇಟೆ ಜೋರಾಯಿತು. ನಲ್ಲಿ ರಿಪೇರಿಗೆ ಬಂದವನನ್ನು ಸ್ಪ್ಯಾನರ್ ಸಮೇತ ಎಳೆದು ತಂದಿದ್ದಾನೆ. ಸೈರನ್ ಕೂಗಿದರೆ ಊರೆಲ್ಲ ಬಂಕರಿಗೆ ಓಡುತ್ತದೆ. ಇವನು ಮೆಟ್ಟಿಲ ಬುಡದಲ್ಲಿ ನಿಂತು, ಓಡಿ ಬಂದವರಿಗೆಲ್ಲ ಪ್ರಾರ್ಥನೆಯ ಟೋಪಿ ಹಂಚುತ್ತಾನೆ. ಮೂರನೇ ಮಹಡಿಯ ನಹುಮ್ ಮೇಷ್ಟ್ರು, “ನಂಗೆ ದೇವರಲ್ಲಿ ನಂಬಿಕೆ ಇಲ್ಲ ಕಣಯ್ಯಾ” ಅಂದರೆ, “ನಂಬೋರು ಒಂಬತ್ತು ಜನ ಇದಾರೆ, ನೀನು ಸುಮ್ನೆ ನಿಂತ್ಕೋ” ಅನ್ನುತ್ತಾನೆ. ಮನುಷ್ಯರನ್ನು ನೇರವಾಗಿ ಎಣಿಸಿದರೆ ದೃಷ್ಟಿ ತಾಗುತ್ತದೆಂದು, ತನ್ನ ಅಜ್ಜನ ಹಾಗೇ ಬೆರಳು ಮಡಚುತ್ತ “ಒಂದಲ್ಲ, ಎರಡಲ್ಲ” ಎಂದೇ ಎಣಿಸುತ್ತಾನೆ. ಮೊನ್ನೆ ಎಣಿಸುತ್ತಿದ್ದಾಗ ಮೇಲೆಲ್ಲೋ ಢಮ್ಮೆಂದು ಗೋಡೆ ಅದುರಿತು. “ಒಂಬತ್ತಲ್ಲ, ಹತ್ತಲ್ಲ” ಎಂದು ಮುಗಿಸಿದ ಜೆಲಿಗ್, ಗಡ್ಡದೊಳಗೇ ಇನ್ನೊಂದು ಸೇರಿಸಿದ್ದು ಪಕ್ಕದಲ್ಲಿದ್ದ ಮೇಷ್ಟ್ರಿಗೆ ಮಾತ್ರ ಕೇಳಿಸಿತು: “ಹನ್ನೊಂದಲ್ಲ.” ಅಲ್ಲಿದ್ದದ್ದು ಹತ್ತೇ ಜನ. ಜೆಲಿಗನ ಮಗ ಯೋತಮ್ ಯುದ್ಧಕ್ಕೆಂದು ಗಡಿಗೆ ಹೋಗಿ ಎರಡು ತಿಂಗಳಾಗಿತ್ತು. ಮಾರನೆಯ ಬೆಳಗ್ಗೆ ಸೈರನ್ನೂ ಕೂಗಲಿಲ್ಲ, ಚೆಲ್ಲಲು ಕಸವೂ ಇರಲಿಲ್ಲ. ಮೇಷ್ಟ್ರು ಚಪ್ಪಲಿ ಎಳೆಯುತ್ತ ತಾವಾಗಿಯೇ ಬಂಕರಿಗೆ ಇಳಿದು ಬಂದರು. “ನಾನೇನು ಪ್ರಾರ್ಥನೆಗೆ ಬಂದಿಲ್ಲ ಮಾರಾಯಾ” ಎಂದು ಗೊಣಗಿದರು. “ಬೇಗ ಎಣಿಸು. ಹನ್ನೊಂದರ ತನಕ.”